ಬೀಗರಿಗೆ ಇಟ್ಟ ಎರಡು ಬಕೆಟ್ ನೀರು

ನಮ್ಮನೆ ಕಕ್ಕಸಿಗೆ ನೀರು ಹುಯ್ಯಬಾರದು. ಈ ಒಂದು ಮಾತನ್ನು ನಾನು ನಮ್ಮಪ್ಪನಿಗೆ ಹೇಳಲಿಲ್ಲ. ಹೇಳೋಕೆ ನಾಚಿಕೆಯಾಯ್ತು. ಆ ನಾಚಿಕೆ ಯಾರ ಮಾನಕ್ಕೆ ಹೋಗಿ ಮುಟ್ಟಿತು ಅನ್ನೋದನ್ನ ಹೇಳ್ತೀನಿ, ಮೂಗು ಮುಚ್ಕೊಂಡಾದ್ರೂ ಕೇಳಿ.

ನನ್ನ ತವರು ಹಿಂದೂಪುರ. ಅಪ್ಪನದು ಬೆಲ್ಲ, ಹುಣಸೆಹಣ್ಣಿನ ವ್ಯಾಪಾರ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಪೂಜೆ ಮುಗಿಸದೆ ಕಾಫಿ ಲೋಟ ಮುಟ್ಟದ ಮನುಷ್ಯ. ನನ್ನನ್ನು ಕೊಟ್ಟಿದ್ದು ಕಲ್ಯಾಣದುರ್ಗಕ್ಕೆ. ನಮ್ಮ ಯಜಮಾನರು ಬೋರ್ ಮೋಟಾರು ರಿಪೇರಿ ಮಾಡ್ತಾರೆ. ಸುತ್ತಮುತ್ತ ಬೆಳುಗುಪ್ಪದವರೆಗೂ ಯಾರ ಮೋಟಾರು ಸುಟ್ಟರೂ ಅವರ ಅಂಗಡಿಗೇ ಬರುತ್ತೆ. ನಮ್ಮನೆ ಮೋಟಾರು ಮಾತ್ರ ಚೆನ್ನಾಗೇ ಇದೆ, ಬೋರಿನಲ್ಲಿ ನೀರಿಲ್ಲ ಅಷ್ಟೆ.

ಮೊದಲು ಈ ಮನೇಲೂ ಎಲ್ಲರ ಮನೆ ಥರ ನೀರಿನ ಕಕ್ಕಸೇ ಇತ್ತಂತೆ. ಕುಡಿಯೋಕೆ ಟ್ಯಾಂಕರ್ ದಾರಿ ಕಾಯಬೇಕು, ಅದಕ್ಕೆ ಮಾತ್ರ ಹೋದಾಗಲೆಲ್ಲ ಒಂದು ಬಕೆಟ್. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂತ ನಮ್ಮತ್ತೆ ಅದನ್ನ ಬೈಯೋರಂತೆ. ನೀರಿಲ್ಲದ ದಿನ ಎಲ್ಲರೂ ಚೊಂಬು ಹಿಡಿದು ಬಯಲಿಗೆ ಹೋಗೋರು. ಅತ್ತೆಗೆ ಮೊಣಕಾಲು ಸವೆದು ನಡೆಯೋದೇ ಕಷ್ಟ ಆದಾಗ, ಅವರೇ ಹಟ ಹಿಡಿದು ಈ ನೀರಿಲ್ಲದ ಕಕ್ಕಸು ಕಟ್ಟಿಸಿಕೊಂಡ್ರು. ಯಾವುದೋ ಹಳ್ಳಿಯಲ್ಲಿ ನೋಡಿ ಬಂದಿದ್ದರಂತೆ.

ನೆಲದಿಂದ ಎತ್ತರದ ಕಟ್ಟೆ. ಹತ್ತೋಕೆ ಇಳಿಜಾರು, ಹಿಡಿಯೋಕೆ ಕಬ್ಬಿಣದ ಪೈಪು, ಕೂರೋಕೆ ಕುರ್ಚಿ ಥರ ಸಿಮೆಂಟಿನ ಪೀಠ. ಕೆಳಗೆ ಎರಡು ಒಣ ತೊಟ್ಟಿ. ಒಂದು ತುಂಬುವಾಗ ಇನ್ನೊಂದು ಮುಚ್ಚಿಕೊಂಡು ಮಣ್ಣಾಗ್ತಾ ಇರುತ್ತೆ. ಉಚ್ಚೆ ಬೇರೆ ಪೈಪಿನಲ್ಲಿ ನುಗ್ಗೆ ಗಿಡದ ಬುಡಕ್ಕೆ ಹೋಗುತ್ತೆ. ತೊಳೆಯೋಕೆ ಪಕ್ಕದಲ್ಲೇ ಬೇರೆ ಜಾಗ, ಒಂದು ಚೊಂಬು ನೀರು ಸಾಕು. ಎದ್ದು ಬರೋ ಮುಂಚೆ ಡಬ್ಬದಿಂದ ಒಂದು ಕರಟ ಒಲೆ ಬೂದಿ ತೆಗೆದು ಮೇಲೆ ಉದುರಿಸಿದ್ರೆ ಮುಗೀತು. ವಾಸನೆ ಇಲ್ಲ, ನೊಣ ಇಲ್ಲ. ಬೂದಿ ಒಣಗಿದ್ದಷ್ಟು ದಿನ ಅದು ನಮ್ಮ ಅಡುಗೆಮನೆಗಿಂತ ಚೊಕ್ಕಟ.

ಇಷ್ಟೆಲ್ಲ ಈಗ ಬಾಯ್ತುಂಬ ಹೇಳ್ತೀನಲ್ಲ, ಆಗ ತವರಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ. "ಬಾತ್‌ರೂಮ್ ಎಲ್ಲ ಚೆನ್ನಾಗಿದೆಯೇನಮ್ಮ?" ಅಂತ ಸೋದರತ್ತೆ ಕೇಳಿದ್ರೆ, "ಅಟ್ಯಾಚ್ಡ್ ಅತ್ತೆ" ಅಂದುಬಿಟ್ಟಿದ್ದೆ. ಹಿತ್ತಲ ನುಗ್ಗೆ ಗಿಡ ಒಂದು ಬಿಟ್ಟರೆ ಅದು ಯಾವುದಕ್ಕೂ ಅಟ್ಯಾಚ್ ಆಗಿರಲಿಲ್ಲ!

ಹೋದ ಬೇಸಿಗೇಲಿ ಅಪ್ಪ ಬಂದ್ರು. ಸಾಯಂಕಾಲ ಬಂದೋರು ಅವತ್ತು ಉಳಿದುಕೊಂಡ್ರು. ಬೆಳಿಗ್ಗೆ ಅಪ್ಪ ಆ ಕಡೆ ಹೋಗಲೇಬೇಕಲ್ಲ! ಹಡೆದ ಅಪ್ಪನಿಗೆ ಮಗಳು, "ಅಪ್ಪಾ, ಇಲ್ಲಿ ಕೂತ್ಕೋ, ಅಲ್ಲಿ ತೊಳ್ಕೋ, ಆಮೇಲೆ ಬೂದಿ ಉದುರಿಸು" ಅಂತ ಹೆಂಗೆ ಹೇಳೋದು? ಯಜಮಾನರಿಗೆ ನೀವೇ ಹೇಳಿ ಅಂದೆ. "ಥೂ, ಮಾವನೋರಿಗೆ ನಾನು ಹೇಳೋದಾ? ಆಗಾಕಿಲ್ಲ ಕಣೆ" ಅಂತ ಮಗ್ಗುಲು ತಿರುಗಿ ಮಲಗಿಬಿಟ್ರು. ಅತ್ತೆಯಂತೂ ಬೀಗರ ಮುಂದೆ ಆ ಮಾತೆತ್ತೋ ಹಾಗೇ ಇಲ್ಲ. ಬೀಗರು ಅಂದ್ರೆ ಊಟಕ್ಕೆ ಬಲವಂತ ಮಾಡಬಹುದು, ಕಕ್ಕಸಿಗೆ ಪಾಠ ಹೇಳೋಕಾಗುತ್ತಾ?

ಬೆಳಿಗ್ಗೆ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಬಂದಾಗ ನಾನೊಂದು ಕೆಲಸ ಮಾಡಿದೆ. ಒಂದೇ ಚೊಂಬು ನೀರು ಇಟ್ಟರೆ, ಮಗಳನ್ನ ಎಂಥಾ ಮನೆಗೆ ಕೊಟ್ಟೆ ಅಂದುಕೊಂಡಾರು ಅನ್ನಿಸಿತು. ಡ್ರಮ್ಮಿನಿಂದ ಎರಡು ಬಕೆಟ್ ತುಂಬ ನೀರು ತುಂಬಿ ಬಾಗಿಲ ಹತ್ತಿರ ಇಟ್ಟೆ. ಅಡುಗೆಮನೆಗೆ ಹೋಗಿ ಒಲೆ ಮುಂದೆ ನಿಂತೆ. ಕಕ್ಕಸಿನ ಒಳಗಿಂದ ಮೊದಲನೇ ಬಕೆಟ್ ಸುರಿದ ಸದ್ದು ಕೇಳಿಸ್ತು. ಕಣ್ಣು ಮುಚ್ಚಿಕೊಂಡೆ. ಎರಡನೇದೂ ಸುರೀತು. ಪಾಪ, ಮಡಿ ಮನುಷ್ಯ, ಗಲೀಜು ಬಿಟ್ಟು ಬರಬಾರದು ಅಂತ ಚೆನ್ನಾಗಿ ಬಳಬಳ ಸುರಿದಿದ್ದರು.

ಅಪ್ಪ ಪೂಜೆ ಮುಗಿಸಿ ಕಾಫಿಗೆ ಕೂರೋ ಹೊತ್ತಿಗೆ ಹಿತ್ತಲಿನಿಂದ ವಾಸನೆ ಬಂತು. ಒಣಗಿದ್ದ ತೊಟ್ಟಿಯೆಲ್ಲ ಕದಡಿಹೋಗಿತ್ತು. ಅಪ್ಪ ಮೂಗು ಅರಳಿಸಿ ಆ ಕಡೆ ನೋಡಿದ್ರು. ನಾನು ಕಾಫಿ ಲೋಟ ಹಿಡಿದು ನಿಂತವಳು ನಿಂತ ಹಾಗೇ ಇದ್ದೆ. ಆಗ ನಮ್ಮತ್ತೆ ಗೋಡೆ ಹಿಡ್ಕೊಂಡು ಬಂದು, "ಏನೂ ಅಂದ್ಕೋಬ್ಯಾಡಿ ಬೀಗ್ರೆ, ಬೆಳಿಗ್ಗೆ ನಾನೇ ಮರ್ತು ಅದಕ್ಕೆ ನೀರು ಹುಯ್ದ್‌ಬುಟ್ಟೆ. ವಯಸ್ಸಾಯ್ತಲ್ಲ, ಬುದ್ಧಿ ಕೈಕೊಡ್ತೈತೆ" ಅಂದ್ರು.

"ಪಾಪ, ವಯಸ್ಸು" ಅಂದ್ರು ಅಪ್ಪ, ತಲೆ ತಗ್ಗಿಸಿಕೊಂಡು. ನಾನು ಲೋಟ ಅಪ್ಪನ ಕೈಗೆ ಕೊಟ್ಟೆ.

ಆಮೇಲೆ ಆ ತೊಟ್ಟಿ ಒಣಗೋಕೆ ವಾರಗಟ್ಟಲೆ ಹಿಡೀತು. ಇನ್ನೊಂದು ತೊಟ್ಟಿ ಇನ್ನೂ ಮಣ್ಣಾಗಿರಲಿಲ್ಲ, ಅದನ್ನ ತೆಗೆಯೋ ಹಾಗಿಲ್ಲ. ಯಜಮಾನರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪುಟ್ಟಿಗಟ್ಟಲೆ ಬೂದಿ, ಒಣಮಣ್ಣು ಸುರಿದ್ರು. ಅಷ್ಟು ದಿನವೂ ನಮ್ಮತ್ತೆ ಬೆಳಕು ಹರಿಯೋ ಮುಂಚೆ ನನ್ನ ಹೆಗಲ ಮೇಲೆ ಕೈಯಿಟ್ಟು ಜಾಲಿಪೊದೆ ಹಿಂದಕ್ಕೆ ನಡೆದ್ರು. ಕೂರೋಕಾಗದೆ "ಶಿವನೇ" ಅಂತ ನರಳೋರು. ಎಬ್ಬಿಸೋಕೆ ನಾನು ಎರಡೂ ಕಂಕುಳಿಗೆ ಕೈ ಹಾಕಬೇಕಿತ್ತು. ಬೈದಿದ್ರೆ ನನಗೆ ಎಷ್ಟೋ ಹಗುರ ಆಗಿರೋದು. ಬೈಲಿಲ್ಲ. ಒಂದು ದಿನ ಮಾತ್ರ, "ಬಕೆಟ್ ಇಟ್ಟಿದ್ದು ನೀನೇ ಅಲ್ವೇನಮ್ಮ?" ಅಂದ್ರು. ಹೂಂ ಅಂದೆ. ಅಷ್ಟೆ.

ಇಷ್ಟಕ್ಕೇ ಮುಗಿದಿದ್ರೆ ಹೆಂಗೋ ನುಂಗಿಕೊಳ್ತಿದ್ದೆ. ಮಳೆಗಾಲ ಕಳೆದ ಮೇಲೆ ಹಿಂದೂಪುರದಲ್ಲಿ ನನ್ನ ತಮ್ಮನ ಹೊಸಮನೆ ಗೃಹಪ್ರವೇಶ. ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು, ಒಳ್ಳೆ ರೇಷ್ಮೆ ಸೀರೆ ಉಟ್ಟು ನನ್ನ ಜೊತೆ ಹೊರಟ್ರು. ಪೆನುಕೊಂಡ, ಸೋಮಂದೇಪಲ್ಲಿ ದಾಟೋವರೆಗೂ ಬಸ್ಸಿನಲ್ಲಿ ಒಂದೇ ಸಮ ಮಾತು. ಹೊಸಮನೆ ಹೊಸಿಲು ದಾಟಿದ ಮೇಲೆ ಅವರ ಬಾಯಿ ಕಟ್ಟಿಹೋಯ್ತು. ಯಾಕಂದ್ರೆ ಬಂದಬಂದೋರೆಲ್ಲ ಅವರ ಹತ್ತಿರ ಮಗುವಿನ ಹತ್ತಿರ ಮಾತಾಡೋ ಹಾಗೆ ಜೋರಾಗಿ, ನಿಧಾನವಾಗಿ ಮಾತಾಡ್ತಿದ್ರು. "ನಾನ್ಯಾರು ಗೊತ್ತಾಯ್ತಾ?" "ಊಟ ಆಯ್ತಾ ಇಲ್ವಾ, ಜ್ಞಾಪಕ ಐತಾ?" ಹಿಂದಿನಿಂದ ತೆಲುಗಿನಲ್ಲಿ ಯಾರೋ "ಮರಪು ಕದಾ, ಪಾಪಂ" ಅಂದ್ರು. ಕಲ್ಯಾಣದುರ್ಗದ ಬೀಗಿತ್ತಿಗೆ ಮರೆವಿನ ಕಾಯಿಲೆ ಅಂತ ಊರೆಲ್ಲ ಸುದ್ದಿ ಆಗಿತ್ತು. ಆ ಸುದ್ದಿ ಹುಟ್ಟಿದ್ದು ನಮ್ಮನೆ ಕಾಫಿ ಲೋಟದ ಹತ್ತಿರ!

ಅತ್ತೆ ಕಕ್ಕಸಿಗೆ ಹೋಗಬೇಕು ಅಂದಾಗ ನನ್ನ ಸೋದರತ್ತೆ ತಾವೇ ಕೈ ಹಿಡಿದು ಕರ್ಕೊಂಡು ಹೋದ್ರು. ಬಾಗಿಲು ತೆರೆದೇ ಇತ್ತು, ಆಚೆ ಪಂಕ್ತಿಯಲ್ಲಿ ಜನ ಊಟಕ್ಕೆ ಕೂತಿದ್ರು. "ಇದಿ ನೊಕ್ಕಾಲಿ ವದಿನಾ," ಅಂತ ಫ್ಲಶ್ಶಿನ ಗುಂಡಿ ಒತ್ತಿ ತೋರಿಸಿದ್ರು. ನೀರು ಭರ್ರಂತ ಹೋಯ್ತು. "ಗೊತ್ತಾಯ್ತಾ? ಎಲ್ಲಿ, ನೀವೊಂದ್ಸಲ ಒತ್ತಿ ನೋಡೋಣ."

"ಒತ್ತೀನಮ್ಮ" ಅಂತ ನಮ್ಮತ್ತೆ, ನಮ್ಮನೆ ಕಕ್ಕಸನ್ನೇ ನಿಂತು ಕಟ್ಟಿಸಿದ ಹೆಂಗಸು, ಬೆರಳಿಟ್ಟು ಒತ್ತಿದ್ರು. ಯಾರೋ ನಕ್ಕರು.

ನನಗೆ ನೆತ್ತಿಗೇರಿಬಿಡ್ತು. "ನಮ್ಮತ್ತೆಗೆ ಏನೂ ಆಗಿಲ್ಲ! ಅವತ್ತು ನೀರು ಹುಯ್ದಿದ್ದು ಅಪ್ಪ. ತುಂಬಿಟ್ಟೋಳು ನಾನು. ನಮ್ಮ ಮಾನ ಉಳಿಸೋಕೆ ಅವರು ತಮ್ಮ ತಲೆ ಮೇಲೆ ಹಾಕ್ಕೊಂಡ್ರು" ಅಂತ ಪಂಕ್ತಿ ತುದಿವರೆಗೂ ಕೇಳೋ ಹಾಗೆ ಕೂಗಿಬಿಟ್ಟೆ. ಬಡಿಸ್ತಿದ್ದ ಅಪ್ಪನ ಕೈ ಪಾಯಸದ ಸೌಟಿನ ಮೇಲೆ ನಿಂತುಹೋಯ್ತು. ಆಮೇಲೆ ಪಾತ್ರೆ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಮಹಡಿ ಹತ್ತಿ ಹೋದ್ರು.

ಅತ್ತೆಗೆ ಸಂತೋಷ ಆಗುತ್ತೆ ಅಂದ್ಕೊಂಡಿದ್ದೆ. ಅವರು ನನ್ನ ರಟ್ಟೆ ಹಿಂಡಿ, "ಯಾರು ಕೇಳಿದ್ರು ನಿನ್ನ? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅವತ್ತು ಒಬ್ಬರ ಕಿವೀಲಿ ಹೇಳೋ ಮಾತನ್ನ ಹೇಳಲಿಲ್ಲ, ಇವತ್ತು ಊರ ಮುಂದೆ ಹೆತ್ತಪ್ಪನ ಮಾನ ಕಳೆದ್ಯಲ್ಲೇ!" ಅಂದ್ರು. ನೆಲ ಬಿರಿದು ನುಂಗಬಾರದಾ ಅನ್ನಿಸಿತು. ಊಟಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಬಂದ್ವಿ.

ಕಲ್ಲುಬೆಂಚಿನ ಮೇಲೆ ಅತ್ತೆ ಒಂದು ತುದಿ, ನಾನೊಂದು ತುದಿ. ಬಸ್ಸು ಬಂದು ನಿಂತಿತು. ಅಷ್ಟೊತ್ತಿಗೆ ಅಪ್ಪ ಸ್ಕೂಟರಿನಲ್ಲಿ ಬಂದ್ರು, ಚಪ್ಪಲಿ ಕೂಡ ಹಾಕಿರಲಿಲ್ಲ. ನನ್ನ ಕಡೆ ನೋಡಲೇ ಇಲ್ಲ. ನೆಟ್ಟಗೆ ಅತ್ತೆ ಮುಂದೆ ನಿಂತ್ರು.

"ಅಕ್ಕಾ" ಅಂದ್ರು. ಅಲ್ಲಿವರೆಗೂ ಬೀಗ್ರೆ ಅಂತಲೇ ಕರೀತಿದ್ದೋರು. "ಅವತ್ತು ವಾಸನೆ ಬಂದಾಗ್ಲೇ ನಂಗೆ ಗೊತ್ತಾಯ್ತು, ನನ್ನಿಂದ್ಲೇ ಅಂತ. ಬೂದಿ ಡಬ್ಬ ನೋಡಿದ್ದೆ. ಹಣೆಗೆ ವಿಭೂತಿ ಹಚ್ಚೋ ಕೈಯಲ್ಲಿ ಅದರ ಮೇಲೆ ಹೆಂಗೆ ಬೂದಿ ಹಾಕೋದು ಅಂತ ಮನಸ್ಸು ಒಪ್ಪಲಿಲ್ಲ. ನೀವು 'ನಾನೇ ಹುಯ್ದೆ' ಅಂದಾಗ ಒಪ್ಪಿಕೊಳ್ಳೋಕೆ ಬಾಯೂ ಬರಲಿಲ್ಲ. ಇಲ್ಲಿ ಬಂದು ನಿಮಗೇ ಮರೆವು ಅಂದ್ಬುಟ್ಟೆ."

ಕಂಡಕ್ಟರು ಕಲ್ಯಾಣದುರ್ಗಂ, ಕಲ್ಯಾಣದುರ್ಗಂ ಅಂತ ಕೂಗ್ತಿದ್ದ. ಸುತ್ತ ಜನ. ನಮ್ಮಪ್ಪ ಅಷ್ಟು ಜನರ ನಡುವೆ, ಮೆಲ್ಲಗೆ ಕೂಡ ಅಲ್ಲ, ಕೇಳಿಯೇಬಿಟ್ರು: "ದೀಪಾವಳಿಗೆ ಬತ್ತೀನಿ. ಆ ಬೂದಿ ಎಷ್ಟು ಹಾಕಬೇಕು, ಹೇಳಿ."

ನಾನು ಸೆರಗು ಬಾಯಿಗಿಟ್ಟುಕೊಂಡೆ. ಅತ್ತೆ ಅಪ್ಪನ ಕೈ ಹಿಡಿದು ಎದ್ದು ನಿಂತ್ರು.

"ಒಂದು ಕರಟ ಸಾಕು ಕಣಪ್ಪ. ಒಲೆ ಬೂದಿ ಅದು, ನಿಮ್ಮ ವಿಭೂತಿಯಲ್ಲ. ತೊಳೆಯೋಕೆ ಒಂದು ಚೊಂಬು, ಅದೂ ಪಕ್ಕದಲ್ಲಿ," ಅಂದು, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದ್ರು. "ನಿಮ್ಮ ಮಗಳು ಬಕೆಟ್ ತುಂಬಿಟ್ರೂ ಒಳಕ್ಕೆ ತಗೊಂಡು ಹೋಗಬ್ಯಾಡಿ."