ನಾಲಿಗೆ ಡಾಕ್ಟರು
ಬಂದರಿನ ಪಕ್ಕದ ಮಾಂಸದ ಕಾರ್ಖಾನೆಯಲ್ಲಿ ಕುರಿಗಳನ್ನು ಪರೀಕ್ಷಿಸುವ ಡಾಕ್ಟರಿಗೆ ಈಗ ಬೀದಿಯವರೆಲ್ಲ ಸೇರಿ ಇಟ್ಟಿರುವ ಹೆಸರು ನಾಲಿಗೆ ಡಾಕ್ಟರು. ದವಡೆಯೊತ್ತಿ ಟಾರ್ಚು ಹಾಕಿ ನಾಲಿಗೆ ನೋಡದೆ ಅವರು ಬೀದಿನಾಯಿಯನ್ನೂ ದಾಟಗೊಡುವುದಿಲ್ಲ. ಮೊಮ್ಮಗಳು ಮುತ್ತು ಕೊಡಲು ಓಡಿ ಬಂದರೆ, “ಮೊದ್ಲು ಬಾಯಿ ತೆಗಿ ಪುಟ್ಟಿ” ಅನ್ನುತ್ತಾರೆ. ಮನೆಗೆ ಬಂದ ಬೀಗರನ್ನೂ ಬಿಟ್ಟಿಲ್ಲ. “ನಮ್ಮನೇಲಿ ಆಕಳಿಸೋ ಹಾಗಿಲ್ಲ ಕಣ್ರೀ, ಟಾರ್ಚ್ ಹಿಡ್ಕೊಂಡು ಬಂದ್ಬಿಡ್ತಾರೆ” ಎಂದು ಹೆಂಡತಿ ನೆರೆಯವರ ಮುಂದೆ ನಗುತ್ತಾರೆ. ಕುರಿದನಗಳ ನಾಲಿಗೆ, ಗೊರಸುಗಳಲ್ಲಿ ಹುಣ್ಣೆಬ್ಬಿಸುವ ಕಾಲುಬಾಯಿ ಜ್ವರ ಮನುಷ್ಯರ ಗೋಜಿಗೆ ಬರುವುದಲ್ಲವೆಂದು ಡಾಕ್ಟರಿಗೆ ಗೊತ್ತಿಲ್ಲದೆ ಏನಿಲ್ಲ. ಆದರೆ ನೋಡಲು ಕುರಿಗಳಾದರೂ ಎಲ್ಲಿವೆ? ಒಂದೇ ಒಂದು ಹಡಗಿನ ಮಾಂಸದಲ್ಲಿ ಆ ಜ್ವರದ ಸೋಂಕು ಸಿಕ್ಕಿತೆಂದು ಹೊರದೇಶಗಳು ಇಡೀ ದೇಶದ ಮಾಂಸಕ್ಕೇ ಬಾಗಿಲು ಹಾಕಿ ಏಳು ತಿಂಗಳಾಯಿತು. ಆದರೂ ಬೆಳಿಗ್ಗೆ ಆರಕ್ಕೆ ಬಿಳಿ ಕೋಟು ತೊಟ್ಟು ಖಾಲಿ ದೊಡ್ಡಿಯ ಬಾಗಿಲಲ್ಲಿ ನಿಲ್ಲುವುದನ್ನು ಅವರು ತಪ್ಪಿಸಿಲ್ಲ. ಕೆಲಸ ಹೋದ ಮಾಂಸ ಕಡಿಯುವವರು ಬಂದು, “ಮತ್ತೆ ಯಾವಾಗ ಶುರು ಆಗುತ್ತೆ ಡಾಕ್ಟ್ರೇ?” ಎಂದು ಕೇಳಿದರೆ ಮುಖ ತಿರುಗಿಸಿ ಟಾರ್ಚು ಒರೆಸುತ್ತಾರೆ. ದೊಡ್ಡಿಯ ಕಾವಲುಗಾರನೊಬ್ಬನಿಗೆ ಮಾತ್ರ ಗೊತ್ತು, ಅವನೂ ಯಾರಿಗೂ ಹೇಳಿಲ್ಲ: ಆ ಹಡಗಿಗೆಂದು ಬಂದ ಕೊನೆಯ ಲಾರಿಯಿಂದ ಒಂದು ಕುರಿ ಕುಂಟುತ್ತಾ ಇಳಿದಿತ್ತು. ಹಡಗು ಹೊರಡುವ ಹೊತ್ತಾಗಿತ್ತು. ಡಾಕ್ಟರು ಬಗ್ಗಿ ಅದರ ಕಾಲು ಸವರಿ, “ಲಾರೀಲಿ ಉಳುಕಿದೆ ಅಷ್ಟೆ, ಒಳಗೆ ಬಿಡು” ಎಂದಿದ್ದರು. ಟಾರ್ಚು ಜೇಬಿನಲ್ಲೇ ಇತ್ತು.