ಬಂಡೆಯ ಮೇಲೆ ಸೇಫ್ಟಿ ಶೂ

ಪೀಣ್ಯದ ಲೇತ್ ಶಾಪಿನಲ್ಲಿ ವರ್ಷಗಟ್ಟಲೆ ನನ್ನ ಕಾಲು ಕಾಪಾಡಿದ್ದು ಕಂಪನಿ ಕೊಟ್ಟ ಸೇಫ್ಟಿ ಶೂ. ಹಾಗಾಗಿ ಭಾನುವಾರ ಮಾಗಡಿ ಕಡೆಯ ಬೆಟ್ಟ ಹತ್ತಲು ಹೊರಟಾಗ ಬೇರೆ ಯೋಚನೆಯೇ ಬರಲಿಲ್ಲ, ಅದನ್ನೇ ಹಾಕಿಕೊಂಡೆ. ಪಕ್ಕದ ಮೆಷಿನ್ನಿನ ಗೆಳೆಯ ಹವಾಯಿ ಚಪ್ಪಲಿಯಲ್ಲಿ ಬಂದಿದ್ದ. ಅವನನ್ನು ನೋಡಿ ನಕ್ಕಿದ್ದೆ.

ಅರ್ಧ ಬಂಡೆ ಹತ್ತಿದ ಮೇಲೆ ಕಡಿದಾಯಿತು, ಕಾಲು ಜಾರತೊಡಗಿತು. ಶಾಪಿನ ನೆಲದ ಆಯಿಲ್ಲು ಅಷ್ಟೂ ವರ್ಷ ಆ ಶೂಗಳ ಅಟ್ಟೆಯೊಳಗೆ ಇಳಿದಿತ್ತು. ಈಗ ಬಿಸಿಲಿಗೆ ಜಿನುಗುತ್ತಿತ್ತು. ಮೇಲೆ ಹೋಗುವಂತಿಲ್ಲ, ಕೆಳಗೆ ಇಳಿಯುವಂತಿಲ್ಲ. ಕೆನ್ನೆಯನ್ನು ಕಾದ ಕಲ್ಲಿಗೆ ಒತ್ತಿ, ಬೆರಳುಗಳನ್ನು ಒಂದು ಸಣ್ಣ ಬಿರುಕಿಗೆ ತುರುಕಿ ಬೋರಲು ಬಿದ್ದುಕೊಂಡೆ. ಜೋರಾಗಿ ಉಸಿರು ಬಿಟ್ಟರೂ ಜಾರುತ್ತೇನೆ ಅನ್ನಿಸುತ್ತಿತ್ತು. ಅಂಥ ಹೊತ್ತಿನಲ್ಲೂ, ನಾಳೆ ಫಸ್ಟ್ ಶಿಫ್ಟಿಗೆ ನನ್ನ ಮೆಷಿನ್ನಿನ ಮುಂದೆ ಯಾರು ನಿಲ್ಲುತ್ತಾರೆ ಎಂಬ ದರಿದ್ರ ಯೋಚನೆ.

“ಶೂ ಬಿಚ್ಚು ಗುರು!” ಚಪ್ಪಲಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ನಿಂತಿದ್ದ ಗೆಳೆಯ ಕೆಳಗಿನಿಂದ ಕೂಗಿದ.

“ಕೈ ಬಿಟ್ರೆ ಸತ್ತೋಗ್ತೀನಿ ಕಣೋ!” ಎಂದು ಅತ್ತೆ. ನಿಜವಾಗಿಯೂ ಅತ್ತೆ.

ಅವನು ತೆವಳಿಕೊಂಡು ಬಂದು, ಒಂದೇ ಕೈಯಲ್ಲಿ ನನ್ನ ಲೇಸು ಎಳೆದು ಬಿಚ್ಚಿದ. ಶೂಗಳು ಉರುಳಿದವು, ತಳ ಮುಟ್ಟಿದ ಸದ್ದಿಗೆ ಕಾದೆ, ಕೇಳಿಸಲೇ ಇಲ್ಲ. ಸುಡುವ ಕಲ್ಲಿಗೆ ಅಂಗಾಲು ಬೊಬ್ಬೆಯೆದ್ದರೂ ಹಿಡಿತ ಸಿಕ್ಕಿತು. ಕುಂಡಿ ಊರಿಕೊಂಡು ಇಳಿದೆ.

ಸೋಮವಾರ ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನ ಚಪ್ಪಲಿ ನೋಡಿ ತಡೆದ.

“ಶೂ ಇಲ್ದೆ ಒಳಗೆ ಬಿಡಲ್ಲ ಅಣ್ಣ. ಜೀವಕ್ಕೆ ಅಪಾಯ.”