ಬಣ್ಣ ಬರದ ಕಂಬ

ಹಳೆಯ ಕಟ್ಟಡಗಳಲ್ಲಿ ಯಾವುದನ್ನು ಕೆಡವದೆ ಉಳಿಸಬಹುದು ಎಂದು ಪರೀಕ್ಷಿಸುವುದು ನನ್ನ ಸೋದರತ್ತೆಯ ಕೆಲಸ. ಕಾಂಕ್ರೀಟನ್ನು ಒಡೆದು, ಒಡೆದ ಕಡೆ ಒಂದು ದ್ರಾವಣ ಸಿಂಪಡಿಸುತ್ತಾಳೆ. ಗುಲಾಬಿ ಬಣ್ಣ ಬಂದರೆ ಒಳಗಿನ ಕಂಬಿ ಕ್ಷೇಮ. ಬಾರದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಷ್ಟು ಆಳಕ್ಕೆ ಇಳಿದಿದೆ, ಕಂಬಿಯನ್ನು ತುಕ್ಕಿನಿಂದ ಕಾಯುವ ಗುಣ ಕಾಂಕ್ರೀಟಿಗೆ ಉಳಿದಿಲ್ಲ ಎಂದರ್ಥ.

ಆ ದಿನ ನಾಲ್ಕು ಮಹಡಿಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಮಾಲೀಕ ಒಂದು ಕಂಬದಲ್ಲಿ ಮೊದಲೇ ಒಡೆಸಿಟ್ಟಿದ್ದ ಜಾಗ ಚೆನ್ನಾಗಿ ಗುಲಾಬಿಯಾಯಿತು. ಆದರೆ ಅದು ಒದ್ದೆಯಾಗಿತ್ತು.

"ಸುಣ್ಣದ ನೀರು ಬಳಿಸಿದ್ದೀರಲ್ಲ, ಯಜಮಾನ್ರೇ, ಅದಕ್ಕೂ ಗುಲಾಬಿ ಬರುತ್ತೆ," ಎಂದು ಅತ್ತೆ ಪಕ್ಕದಲ್ಲೇ ಸುತ್ತಿಗೆ ಬಾರಿಸಿ, ದ್ರಾವಣ ಸಿಂಪಡಿಸಿದಳು. ಅಲ್ಲಿ ಬಣ್ಣ ಬರಲಿಲ್ಲ.

"ಸುಮ್ನೆ ಪಾಸ್ ಅಂತ ಬರಿ. ಮೇಲೆ ಹನ್ನೊಂದು ಸಂಸಾರ ಇದೆ."

"ಅದಕ್ಕೇ ಬರೆಯಲ್ಲ."

ಅವನು ಅವಳ ಮುಖಕ್ಕೆ ಗುದ್ದಿದ. ತಲೆ ಕಂಬಕ್ಕೆ ಬಡಿದು, ಮೂಗಿನ ರಕ್ತ ಒಡೆದ ಜಾಗಕ್ಕೆ ಚಿಮ್ಮಿತು.

"ನೋಡಮ್ಮ, ಈಗ ಬಣ್ಣ ಬಂತು," ಎಂದು ನಗುತ್ತಾ, ಬಿದ್ದವಳ ಹೊಟ್ಟೆಗೆ ಒದ್ದ.

ಅತ್ತೆ ಸುತ್ತಿಗೆ ಬಿಟ್ಟಿರಲಿಲ್ಲ. ಅವನ ಮೊಣಕಾಲಿಗೆ ಬೀಸಿದಳು. ಅವನು ಕುಸಿದು ಅರಚಿದ. ಅದನ್ನು ಕೇಳಿ ಬಾಡಿಗೆದಾರರು ಮೆಟ್ಟಿಲಿಳಿದು ಬಂದರು.

ಬಾಯಿ ತುಂಬ ರಕ್ತವಿದ್ದುದರಿಂದ ಅವಳಿಗೆ ಮಾತಾಡಲಾಗಲಿಲ್ಲ. ಎದ್ದು, ಕಂಬಕ್ಕೆ ಇನ್ನೆರಡು ಏಟು ಹಾಕಿ ಕಾಂಕ್ರೀಟಿನ ಪದರ ಉದುರಿಸಿ, ಕಂಬಿಗಳನ್ನು ಸುತ್ತಿದ್ದ ರಿಂಗನ್ನು ಎಳೆದಳು. ತುಕ್ಕು ತಿಂದಿದ್ದ ಅದು ಮುರಿದು ಕೈಗೇ ಬಂತು.

ಮಗುವನ್ನೆತ್ತಿಕೊಂಡಿದ್ದ ಹೆಂಗಸೊಬ್ಬಳು ಆ ತುಂಡನ್ನು ಮುಟ್ಟಿ ನೋಡಿ, ಮೇಲೆ ಹೋದಳು. ಅರ್ಧ ಗಂಟೆಯಲ್ಲಿ ಹನ್ನೊಂದು ಮನೆಯವರೂ ಹಾಸಿಗೆ ಪಾತ್ರೆಗಳೊಂದಿಗೆ ರಸ್ತೆಗಿಳಿದಿದ್ದರು.

ಮಾಲೀಕ ಕಂಬದ ಬುಡದಲ್ಲೇ ಕೂತಿದ್ದ. ಅತ್ತೆ ರಕ್ತ ಉಗಿದು, ಕೈ ನೀಡಿದಳು.

"ನೀವೂ ಆಚೆ ಬನ್ನಿ, ಯಜಮಾನ್ರೇ."